ಎಂಜಿನ್ ಎಣ್ಣೆಯಲ್ಲಿ ಆಯಸ್ಕಾಂತ

ವಾಹನಗಳ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಎಣ್ಣೆಯಲ್ಲಿ ಸೇರಿಕೊಳ್ಳುವ ಕಬ್ಬಿಣದ ಚೂರು, ಪುಡಿಗಳನ್ನು ಸೆಳೆದು ಹಿಡಿಯುವ ಸಾಧನ. ಹೆಚ್ಚಾಗಿ ಎಣ್ಣೆ ಬಸಿಯುವ ಡ್ರೈನ್ ಪ್ಲಗ್‌ನ ತುದಿಯಲ್ಲಿ, ಕೆಲವೊಮ್ಮೆ ಫಿಲ್ಟರ್ ಡಬ್ಬಿಯ ಹೊರಮೈಯಲ್ಲಿ, ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಾದರೆ ತಳದ ತಟ್ಟೆಯಲ್ಲಿ ಇರುತ್ತದೆ. ಎಣ್ಣೆಯನ್ನು ಶುಚಿಗೊಳಿಸುವ ಉಪಾಯವೆಂದು ಇದನ್ನು ಮಾರುತ್ತಾರೆ. ಆದರೆ ಸುಮಾರು ನೂರು ವರ್ಷಗಳಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬಂದಿರುವುದು ಒಳಗೆ ಏನು ಸವೆಯುತ್ತಿದೆ ಎಂಬುದನ್ನು ಯಂತ್ರ ಬಿಚ್ಚದೆಯೇ ತಿಳಿಯುವುದಕ್ಕೆ.

ಕಾರಿನ ಎಣ್ಣೆಯೂ ಆಯಸ್ಕಾಂತವೂ ಜೊತೆಯಾದದ್ದು ಬೇರೊಂದು ಕಾರಣಕ್ಕೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ಕಿಡಿಗೆ ಬೇಕಾದ ವಿದ್ಯುತ್ತಿಗಾಗಿ ಅದರ ಫ್ಲೈವೀಲ್‌ಗೆ 16 ಆಯಸ್ಕಾಂತಗಳನ್ನು ಬಿಗಿದಿದ್ದರು. ಆ ಫ್ಲೈವೀಲೇ ತಿರುಗುತ್ತ ತಳದ ಎಣ್ಣೆಯನ್ನು ಮೇಲಕ್ಕೆ ಎರಚುತ್ತಿತ್ತು. ಎರಚಿದ್ದರಲ್ಲಿ ಒಂದಿಷ್ಟನ್ನು ಸಣ್ಣ ಕೊಳವೆಯೊಂದು ಎಂಜಿನ್ನಿನ ಮುಂಭಾಗಕ್ಕೆ ಒಯ್ಯುತ್ತಿತ್ತು. 1927ರವರೆಗೆ ತಯಾರಾದ ಸುಮಾರು 1.5 ಕೋಟಿ ಕಾರುಗಳಲ್ಲಿ ಎಣ್ಣೆ ಹೀಗೆ ಎಡೆಬಿಡದೆ ಆಯಸ್ಕಾಂತಗಳನ್ನು ಸವರಿಕೊಂಡು ಹೋಗುತ್ತಿತ್ತು. ಅದರಿಂದ ಎಣ್ಣೆ ಬದಲಿಸುವ ಕೆಲಸವೇನೂ ತಪ್ಪಲಿಲ್ಲ. ಮ್ಯಾಗ್ನೆಟೊ ಎಂಬ ಆ ವಿದ್ಯುತ್ ಸಾಧನದ ಸಂಪರ್ಕಕ್ಕೆ ಕಸ ಸೇರಿ ಕಿಡಿ ನಿಂತುಹೋಗುವುದಂತೂ ಆ ಕಾರಿನ ಮಾಮೂಲಿ ತಂಟೆಯಾಗಿತ್ತು.

ಶುಚಿಗೊಳಿಸುವ ಕೆಲಸವನ್ನು ನಿಜವಾಗಿ ವಹಿಸಿಕೊಂಡದ್ದು ಫಿಲ್ಟರ್. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ರೂಪಿಸಿದ ಪ್ಯೂರೊಲೇಟರ್ ಫಿಲ್ಟರನ್ನು ಮರುವರ್ಷವೇ ಕ್ರೈಸ್ಲರ್ ತನ್ನ ಹೊಸ ಕಾರಿಗೆ ಅಳವಡಿಸಿತು. ಆದರೂ ದಶಕಗಳ ಕಾಲ ಅನೇಕ ಕಾರುಗಳಲ್ಲಿ ಎಣ್ಣೆಯ ಒಂದು ಪಾಲು ಮಾತ್ರ ಫಿಲ್ಟರ್ ಮೂಲಕ ಹಾಯುತ್ತಿತ್ತು, ಉಳಿದದ್ದು ನೇರವಾಗಿ ಬೇರಿಂಗುಗಳಿಗೆ ಹೋಗುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಬಹುಕಾಲ ಬರೀ ತಂತಿಜಾಲರಿಯಲ್ಲೇ ಕಾಲ ಹಾಕಿತು. ಇಂಥ ಎಂಜಿನ್‌ಗಳ ಕಾಲದಲ್ಲಿ ಆಯಸ್ಕಾಂತದ ಪ್ಲಗ್‌ಗೆ ಗಿರಾಕಿಗಳಿದ್ದದ್ದು ಸಹಜ. ಅಷ್ಟರಲ್ಲಿ ಆಯಸ್ಕಾಂತವೂ ಸುಧಾರಿಸಿತ್ತು. ಜಪಾನಿನ ತೊಕುಶಿಚಿ ಮಿಶಿಮ 1931ರಲ್ಲಿ ಕಂಡುಹಿಡಿದ ಕಬ್ಬಿಣ, ನಿಕಲ್, ಅಲ್ಯೂಮಿನಿಯಂ ಮಿಶ್ರಲೋಹದಿಂದ ಅಲ್ನಿಕೊ ಬೆಳೆದು ಬಂತು. ಕುದಿಯುವಷ್ಟು ಬಿಸಿಯಲ್ಲೂ ಸೆಳೆತ ಬಿಡದ ಗಟ್ಟಿ ಆಯಸ್ಕಾಂತ ಒಂದು ಬೋಲ್ಟಿನ ತುದಿಯಲ್ಲಿ ಕೂರುವಂತಾದದ್ದು ಆಗ.

ಕಾರ್ಖಾನೆಯೇ ಯೋಚಿಸಿ ಆಯಸ್ಕಾಂತ ಇಟ್ಟ ಕಾರುಗಳಲ್ಲಿ ಬ್ರಿಟನ್ನಿನ ಮಿನಿ ಗಮನಾರ್ಹ. ಅಲೆಕ್ ಇಸಿಗೊನಿಸ್ ವಿನ್ಯಾಸದ ಈ ಪುಟ್ಟ ಕಾರು 1959ರಲ್ಲಿ ಬಂತು. ಜಾಗ ಉಳಿಸಲೆಂದು ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಎಣ್ಣೆ ನಿಲ್ಲುವ ಸಂಪಿನಲ್ಲೇ ಕೂರಿಸಿದ್ದರು. ಎರಡಕ್ಕೂ ಒಂದೇ ಎಣ್ಣೆ. ಗೇರುಗಳ ಹಲ್ಲಿನಿಂದ ಉದುರಿದ ಉಕ್ಕು ಕ್ರ್ಯಾಂಕಿನ ಬೇರಿಂಗಿಗೆ ಹೋಗುವ ಅಪಾಯವಿದ್ದುದರಿಂದ ಡ್ರೈನ್ ಪ್ಲಗ್‌ಗೆ ಆಯಸ್ಕಾಂತ ಬಂತು. ಎಣ್ಣೆ ಬದಲಿಸುವಾಗ ಆ ಪ್ಲಗ್ ಒರೆಸುವುದು ಮಿನಿ ಮೆಕ್ಯಾನಿಕ್‌ಗಳ ರೂಢಿ. ತೇಯ್ದ ಗಂಧದಂಥ ನುಣ್ಣನೆಯ ಬೂದು ಲೇಪವಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಗೇರ್‌ಬಾಕ್ಸ್ ಬಿಚ್ಚುವ ಹೊತ್ತು ಬಂದಿದೆ ಎಂದೇ ಲೆಕ್ಕ. ಭಾರತದ ರಸ್ತೆಗಳಲ್ಲಿ ಓಡುವ ಬಹುತೇಕ ಬೈಕುಗಳಲ್ಲೂ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಹಾಗಾಗಿ ಕಾರಿಗಿಂತ ಬೈಕಿನಲ್ಲಿ ಈ ಪ್ಲಗ್‌ಗೆ ಹೆಚ್ಚು ಅರ್ಥವಿದೆ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ: ಗರಗರನೆ ತಿರುಗುವ ರೋಟರ್ ಒಂದು ಎಣ್ಣೆಗಿಂತ ಭಾರವಾದದ್ದನ್ನೆಲ್ಲ ಅಂಚಿಗೆ ಎಸೆದು ಕೂಡಿಡುತ್ತದೆ. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಕ್ಲಚ್ಚಿನ ಧೂಳೋ ಎಂಬ ಭೇದ ಅದಕ್ಕಿಲ್ಲ.

ಆಯಸ್ಕಾಂತಕ್ಕೆ ಆ ಭೇದವಿದೆ. ಅದರ ಮುಖ್ಯ ಕೊರತೆಯೂ ಅದೇ. ಪಿಸ್ಟನ್ ಅಲ್ಯೂಮಿನಿಯಂ. ಬೇರಿಂಗಿನ ಒಳಪದರ ತವರ, ಸೀಸ, ತಾಮ್ರ ಅಥವಾ ಅಲ್ಯೂಮಿನಿಯಂ ಮಿಶ್ರಣ. ಗಾಳಿಯ ಜೊತೆ ಒಳಹೊಕ್ಕು ಎಂಜಿನ್ನನ್ನು ಉಜ್ಜಿ ಕೆಡಿಸುವ ದೂಳು ಬಹುಪಾಲು ಮರಳಿನ ಸಿಲಿಕ. ಇವು ಯಾವುವೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಸಿಲಿಂಡರಿನ ಗೋಡೆ, ಪಿಸ್ಟನ್ ರಿಂಗು, ಕ್ಯಾಮ್ ಶಾಫ್ಟ್, ಗೇರು ಮತ್ತು ಚೈನುಗಳಿಂದ ಸವೆದ ಕಬ್ಬಿಣ, ಉಕ್ಕು ಮಾತ್ರ ಅದರ ಪಾಲು.

ಆ ಪಾಲೂ ಪೂರ್ತಿ ದಕ್ಕುವುದಿಲ್ಲ. ಕಣದ ಮೇಲೆ ಆಯಸ್ಕಾಂತದ ಸೆಳೆತ ಅದರ ಗಾತ್ರಕ್ಕೆ, ಎಂದರೆ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. ಎಣ್ಣೆಯ ತಡೆ ಬರೀ ವ್ಯಾಸಕ್ಕೆ ತಕ್ಕಂತೆ. ಹಾಗಾಗಿ ಕಣ ಅರ್ಧದಷ್ಟು ಸಣ್ಣದಾದರೆ ಅದು ಆಯಸ್ಕಾಂತದ ಕಡೆ ಸರಿಯುವ ವೇಗ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಸೆಳೆತವೂ ದೂರ ಹೆಚ್ಚಿದಂತೆ ಥಟ್ಟನೆ ಕುಗ್ಗುತ್ತದೆ. ಡ್ರೈನ್ ಪ್ಲಗ್ ಇರುವುದು ಸಂಪಿನ ಮೂಲೆಯಲ್ಲಿ, ಎಣ್ಣೆಯ ಮುಖ್ಯ ಹರಿವಿನಿಂದ ದೂರ. ದಪ್ಪ ಚೂರುಗಳು ಅಲ್ಲಿಗೆ ಬಂದು ಸಿಕ್ಕಿಬೀಳುತ್ತವೆ. ಆದರೆ ಅವನ್ನು ಪಂಪಿನ ಜಾಲರಿ ಮತ್ತು ಫಿಲ್ಟರ್ ಹೇಗೂ ತಡೆಯುತ್ತಿದ್ದವು. ಫಿಲ್ಟರಿನಿಂದ ನುಸುಳುವ ಕೆಲವೇ ಮೈಕ್ರಾನ್ ಗಾತ್ರದ ಕಣಗಳು ಆಯಸ್ಕಾಂತದಿಂದಲೂ ಬಹುಮಟ್ಟಿಗೆ ನುಸುಳುತ್ತವೆ.

ಸಣ್ಣ ಕಣಗಳನ್ನು ಆಯಸ್ಕಾಂತದಿಂದ ಹಿಡಿಯಲು ಸಾಧ್ಯವೇ ಇಲ್ಲವೆಂದಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಗಾಗಿ ವರ್ನನ್ ವೆಸ್ಟ್‌ಕಾಟ್ ಮತ್ತು ವುಲ್ಫ್‌ಗ್ಯಾಂಗ್ ಸೈಫರ್ಟ್ ರೂಪಿಸಿದ ಫೆರೊಗ್ರಫಿ ವಿಧಾನ ಅದನ್ನು ಮಾಡಿ ತೋರಿಸಿತು. ಪ್ರಬಲ ಆಯಸ್ಕಾಂತದ ಮೇಲೆ ಓರೆಯಾಗಿ ಇಟ್ಟ ಗಾಜಿನ ಪಟ್ಟಿಯ ಮೇಲೆ ಎಣ್ಣೆಯ ಮಾದರಿಯನ್ನು ತೆಳ್ಳಗೆ, ನಿಧಾನವಾಗಿ ಹರಿಸುತ್ತಾರೆ. ದೊಡ್ಡ ಕಣ ಮೊದಲು, ಸಣ್ಣದು ಆಮೇಲೆ ಸಾಲಾಗಿ ಕೂರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾಮೂಲಿ ಸವೆತದ ಪದರು, ಲೇತಿನಿಂದ ಬಂದಂಥ ಸುರುಳಿ, ಬೇರಿಂಗ್ ದಣಿದಾಗ ಹುಟ್ಟುವ ಗುಂಡು ಕಣ, ಒಂದೊಂದೂ ಬೇರೆಬೇರೆ ರೋಗ ಹೇಳುತ್ತವೆ. ಇದಕ್ಕೆ ಬೇಕಾದದ್ದು ತೆಳುವಾದ ಪದರ ಮತ್ತು ನಿಧಾನದ ಹರಿವು. ನಿಮಿಷಕ್ಕೆ ಹತ್ತಾರು ಲೀಟರ್ ಎಣ್ಣೆ ತಳ್ಳುವ ಎಂಜಿನ್ನಿನಲ್ಲಿ ಎರಡೂ ಸಿಗುವುದಿಲ್ಲ.

ಸಣ್ಣ ಕಣಗಳ ಹಾವಳಿ ದೊಡ್ಡದೆಂಬುದು 1988ರಲ್ಲಿ ಜನರಲ್ ಮೋಟಾರ್ಸ್ ಎಂಜಿನಿಯರುಗಳು ಪ್ರಕಟಿಸಿದ ಪ್ರಯೋಗಗಳಲ್ಲಿ ಅಂಕಿಗಳ ರೂಪ ಪಡೆಯಿತು. 40 ಮೈಕ್ರಾನ್ ಫಿಲ್ಟರಿಗೆ ಹೋಲಿಸಿದಾಗ 30 ಮೈಕ್ರಾನ್ ಫಿಲ್ಟರ್ ಸವೆತವನ್ನು ಶೇ. 50ರಷ್ಟು, 15 ಮೈಕ್ರಾನ್ ಫಿಲ್ಟರ್ ಶೇ. 70ರಷ್ಟು ತಗ್ಗಿಸಿತು. ಆಯಸ್ಕಾಂತ ಮಾರುವವರೂ ಈ ಅಂಕಿಗಳನ್ನು ಉದಾಹರಿಸುವುದುಂಟು. ಆದರೆ ಪರೀಕ್ಷೆಗೆ ಒಳಗಾದದ್ದು ಫಿಲ್ಟರುಗಳು, ಆಯಸ್ಕಾಂತಗಳಲ್ಲ.

1983ರಲ್ಲಿ ಜಪಾನಿನ ಮಸಾತೊ ಸಗಾವ ಮತ್ತು ಜನರಲ್ ಮೋಟಾರ್ಸ್‌ನ ಜಾನ್ ಕ್ರೋಟ್ ಬೇರೆಬೇರೆಯಾಗಿ ಪ್ರಕಟಿಸಿದ ನಿಯೋಡಿಮಿಯಮ್ ಆಯಸ್ಕಾಂತ ಈ ವ್ಯಾಪಾರಕ್ಕೆ ಮರುಜೀವ ಕೊಟ್ಟಿತು. ಫಿಲ್ಟರ್ ಡಬ್ಬಿಗೆ ಹೊರಗಿನಿಂದ ಅಂಟಿಸುವ ಪಟ್ಟಿಗಳು ಬಂದವು. ಡಬ್ಬಿಯೇ ಉಕ್ಕಿನದಾದ್ದರಿಂದ ಕಾಂತಕ್ಷೇತ್ರದ ಒಂದು ಪಾಲು ಅದರ ಗೋಡೆಯಲ್ಲೇ ಉಳಿಯುತ್ತದೆ. ನಿಯೋಡಿಮಿಯಮ್ಮಿನ ಸಾಧಾರಣ ದರ್ಜೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಎಂಜಿನ್ ಎಣ್ಣೆಯ ಬಿಸಿ ಸಲೀಸಾಗಿ 100 ಮುಟ್ಟುತ್ತದೆ. ಕೊಳ್ಳುವವರು ದರ್ಜೆ ನೋಡಿಯೇ ಕೊಳ್ಳಬೇಕು.

ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳಲ್ಲಿ ಆಯಸ್ಕಾಂತ ಬೇಕೇ ಬೇಡವೇ ಎಂಬ ವಾದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಉದುರುವುದು ಹೆಚ್ಚಾಗಿ ಉಕ್ಕು, ಹಲವೆಡೆ ಫಿಲ್ಟರೂ ಇಲ್ಲ. ಕಂಪನಿಗಳೇ ಆಯಸ್ಕಾಂತ ಹಾಕಿ ಕಳಿಸುತ್ತವೆ. ಹೆಲಿಕಾಪ್ಟರಿನ ಗೇರ್‌ಬಾಕ್ಸ್‌ನಲ್ಲಿ ಅದು ಚಿಪ್ ಡಿಟೆಕ್ಟರ್ ಎಂಬ ಹೆಸರಿನಲ್ಲಿ ಪ್ರಾಣರಕ್ಷಣೆಯ ಸಾಧನ. ಅಂಟಿದ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ. ಹಲವು ಮಾದರಿಗಳಲ್ಲಿ ಎರಡು ತುದಿಗಳ ನಡುವೆ ಚೂರು ಕೂತೊಡನೆ ವಿದ್ಯುತ್ ಹರಿದು ಪೈಲಟ್ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಳಿ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಗೇರ್ ಮುರಿದು ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 16 ಜನರೂ ಸತ್ತರು. ಅದಕ್ಕೆ 36 ಹಾರಾಟದ ಗಂಟೆಗಳ ಮುಂಚೆ, ಮಾರ್ಚ್ 25ರಂದು, ಡಿಟೆಕ್ಟರ್‌ನಲ್ಲಿ ಒಂದು ಚೂರು ಸಿಕ್ಕಿತ್ತು. ಅದು ಗೇರಿನ ಸವೆತದ ಸೂಚನೆಯೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಬೇರೆ ಸೂಚನೆಯೇ ಬರಲಿಲ್ಲ. ಬ್ರಿಟನ್ನಿನ ತನಿಖಾ ವರದಿ ಇನ್ನೊಂದು ಅಂಶವನ್ನೂ ಎತ್ತಿ ಹೇಳಿತು. ಗೇರ್‌ಬಾಕ್ಸ್‌ನ ಮೇಲಿನ ಭಾಗದ ಕಸ ಕೆಳಕ್ಕೆ ಇಳಿಯದಿರಲೆಂದು ನಡುವಿನ ತಟ್ಟೆಗಳ ಮೇಲೆ ಆಯಸ್ಕಾಂತಗಳ ಬಳೆಯೊಂದನ್ನು ಕೂರಿಸಲಾಗಿತ್ತು. ಎಣ್ಣೆ ಶುಚಿಯಾಗಿಡುವ ಆ ಬಳೆ ಚೂರುಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಅವು ಕೆಳಗಿನ ಡಿಟೆಕ್ಟರ್‌ಗೆ ತಲಪುವ ಸಾಧ್ಯತೆಯನ್ನು ಕಡಿಮೆ ಮಾಡಿತ್ತು. ಅಪಘಾತದ ನಂತರ ಐರೋಪ್ಯ ವಿಮಾನಯಾನ ಸುರಕ್ಷತಾ ಸಂಸ್ಥೆಯ ಆದೇಶದಂತೆ ಈ ಬಗೆಯ ಹೆಲಿಕಾಪ್ಟರುಗಳಿಂದ ಆ ಆಯಸ್ಕಾಂತಗಳನ್ನು ಕಿತ್ತುಹಾಕಲಾಯಿತು.