ನರೆ, ಕಬ್ಬಿಣ, ನೀಲಿ

ನರೆತ ಕೂದಲು ಬಹುಮಟ್ಟಿಗೆ ಬೂದಲ್ಲ, ಬಿಳಿ. ಕೂದಲಿನ ಬುಡದ ಕೋಶಗಳು ಮೆಲನಿನ್ ಎಂಬ ವರ್ಣದ್ರವ್ಯ ತಯಾರಿಸುವುದನ್ನು ನಿಲ್ಲಿಸಿದರೆ ಹೊಸ ಎಳೆ ಬೆಳ್ಳಗೇ ಹುಟ್ಟುತ್ತದೆ. ಕಪ್ಪು ಎಳೆಗಳ ನಡುವೆ ಬೆರೆತಾಗ ಕಣ್ಣಿಗೆ ಬೂದಿಯಂತೆ ಕಾಣುತ್ತದೆ. ಹೀಗಾಗಿ ನರೆಗೆ ಬಣ್ಣ ಹಚ್ಚುವುದೆಂದರೆ ಬಿಳಿ ನೂಲಿಗೆ ಬಣ್ಣ ಕಟ್ಟಿದ ಹಾಗೆ. ಆದರೆ ಯಾವ ಬಣ್ಣ ಎಂಬ ಆಯ್ಕೆ ಬಹುಕಾಲ ಹಚ್ಚಿಕೊಳ್ಳುವವರ ಕೈಯಲ್ಲಿರಲಿಲ್ಲ. ಕೈಗೆ ಸಿಕ್ಕ ಎಲೆ, ಕಾಯಿ, ಲೋಹ ಯಾವ ಬಣ್ಣ ಕೊಟ್ಟವೋ ಅದೇ ತಲೆಯ ಬಣ್ಣವಾಯಿತು.

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ನರೆಗೆ ಹಲವು ಮದ್ದುಗಳಿವೆ. ಕಪ್ಪು ಎತ್ತಿನ ರಕ್ತವನ್ನು ಎಣ್ಣೆಯಲ್ಲಿ ಕುದಿಸಿ ಹಚ್ಚುವುದು ಅವುಗಳಲ್ಲೊಂದು. ಕಪ್ಪು ಪ್ರಾಣಿಯ ಕಪ್ಪು ತಲೆಗೂ ಇಳಿಯಲಿ ಎಂಬ ನಂಬಿಕೆಯೇ ಅಲ್ಲಿ ಔಷಧ. ರೋಮಿನವರ ವಿಧಾನಕ್ಕೆ ರಸಾಯನದ ಬಲವಿತ್ತು. ಜಿಗಣೆಗಳನ್ನು ಹುಳಿದ್ರವದಲ್ಲಿ ಹಾಕಿ ಸೀಸದ ಪಾತ್ರೆಯಲ್ಲಿ ಕೊಳೆಯಿಸಿ, ಅದನ್ನು ಹಚ್ಚಿ ಕೂದಲು ಕಪ್ಪಾಗಿಸುವ ಕ್ರಮವನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಹಚ್ಚಿಕೊಳ್ಳುವಾಗ ಬಾಯಲ್ಲಿ ಎಣ್ಣೆ ಇಟ್ಟುಕೊಳ್ಳದಿದ್ದರೆ ಹಲ್ಲೂ ಕಪ್ಪಾಗುತ್ತದೆಂಬ ಎಚ್ಚರಿಕೆಯೂ ಅಲ್ಲಿದೆ. ಇಲ್ಲಿ ಕೆಲಸ ಮಾಡುವುದು ಸೀಸ: ಕೂದಲಿನ ಗಂಧಕದೊಡನೆ ಕೂಡಿ ಅದು ಕರಿಯ ಸಂಯುಕ್ತವಾಗುತ್ತದೆ. ಈ ವಿಷಲೋಹ ತಲೆಯಿಂದ ಇಳಿಯಲು ಎರಡು ಸಾವಿರ ವರ್ಷ ಬೇಕಾಯಿತು. ಕೂದಲ ಬಣ್ಣಗಳಲ್ಲಿ ಸೀಸದ ಅಸಿಟೇಟ್ ಬಳಸಲು ಇದ್ದ ಅನುಮತಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ರದ್ದುಪಡಿಸಿದ್ದು 2018ರಲ್ಲಿ.

ಭಾರತದ ದಾರಿ ಕಬ್ಬಿಣದ್ದು. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯ, ಅಂದರೆ ಸುಗಂಧ ತಯಾರಿಕೆಯ, ಅಧ್ಯಾಯವನ್ನು ಆರಂಭಿಸುವುದೇ ನರೆಯ ಮಾತಿನಿಂದ. ತಲೆ ಬೆಳ್ಳಗಾದವನಿಗೆ ಹೂವು, ಗಂಧ, ಉಡುಗೆ, ಒಡವೆ ಯಾವುದೂ ಒಪ್ಪುವುದಿಲ್ಲ, ಆದ್ದರಿಂದ ಕಾಡಿಗೆ ಮತ್ತು ಒಡವೆಗಳಷ್ಟೇ ಕಾಳಜಿಯಿಂದ ಕೂದಲಿಗೂ ಬಣ್ಣ ಕಟ್ಟಬೇಕು ಎಂಬುದು ಅವನ ನಿಲುವು. ಮುಂದೆ ಬರುವ ವಿಧಾನ ಬಲು ವಿವರವಾದದ್ದು. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕಬ್ಬಿಣದ ಪುಡಿಯೊಡನೆ ಹುಳಿದ್ರವದಲ್ಲಿ ಬೇಯಿಸಬೇಕು. ನುಣ್ಣಗೆ ಅರೆದು, ಹುಳಿ ಸವರಿದ ತಲೆಗೆ ಮೆತ್ತಬೇಕು. ಹಸಿ ಎಲೆ ಸುತ್ತಿ ಎರಡು ಜಾವ ಕೂರಬೇಕು. ಆಮೇಲೆ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ ಹಾಕಿ, ಮತ್ತೆ ಎಲೆ ಸುತ್ತಿ ಇನ್ನೆರಡು ಜಾವ. ತೊಳೆದರೆ ತಲೆ ಕಪ್ಪು. ಕೊನೆಗೆ ಕಬ್ಬಿಣದ ಮತ್ತು ಹುಳಿಯ ವಾಸನೆ ಹೋಗಲು ಸುಗಂಧದ ಎಣ್ಣೆ. ಒಟ್ಟು ಹನ್ನೆರಡು ಗಂಟೆಯ ಕೆಲಸ. ಬಿಡುವಿದ್ದ ಅರಸರಿಗೇ ಹೇಳಿದ್ದು.

ಈ ಕ್ರಮದಲ್ಲಿ ಒಂದು ಹೆಜ್ಜೆಯೂ ವ್ಯರ್ಥವಲ್ಲ. ಹುಳಿ ಕಬ್ಬಿಣವನ್ನು ಕರಗಿಸುತ್ತದೆ, ಕೂದಲು ಅದನ್ನು ಹೀರುತ್ತದೆ, ನೆಲ್ಲಿಕಾಯಿಯ ಒಗರು ಅದರೊಡನೆ ಸೇರಿ ಕಪ್ಪಾಗುತ್ತದೆ. ಒಗರಿನ ಕಾಯಿ ಮತ್ತು ಕಬ್ಬಿಣದಿಂದ ಬರವಣಿಗೆಯ ಶಾಯಿ ತಯಾರಾದದ್ದೂ ಇದೇ ಬಗೆಯಲ್ಲಿ. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಮೆಹಂದಿ ಪುಡಿ, ನೆಲ್ಲಿಪುಡಿ ಮತ್ತು ಚಹಾ ಡಿಕಾಕ್ಷನ್ನನ್ನು ಕಬ್ಬಿಣದ ಬಾಣಲೆಯಲ್ಲೇ ಕಲಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಬಾಣಲೆಯ ಅಂಚಿನಲ್ಲಿ ಕಪ್ಪು ಕಟ್ಟಿರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಆ ಕಪ್ಪು ಏಳುವುದಿಲ್ಲ. ಗರುಗದ ಸೊಪ್ಪಿನ ರಸ ಹಾಕಿ ಎಣ್ಣೆ ಕಾಯಿಸುವ ರೂಢಿಯೂ ಹಳೆಯದೇ, ಆದರೆ ಅದು ಬಣ್ಣಕ್ಕಿಂತ ಆರೈಕೆಯ ಸಾಲಿಗೆ ಸೇರುತ್ತದೆ.

ಮದರಂಗಿಯ, ಅಂದರೆ ಮೆಹಂದಿಯ, ಸ್ವಂತ ಬಣ್ಣ ಬೇರೆ. ಅದರ ಎಲೆಯಲ್ಲಿರುವ ಲಾಸೋನ್ ಕೂದಲಿನ ಕೆರಟಿನ್‌ಗೆ ಗಟ್ಟಿಯಾಗಿ ಅಂಟುತ್ತದೆ. ಕಪ್ಪು ಕೂದಲಲ್ಲಿ ಬರೀ ಕೆಂಪು ಛಾಯೆ, ಬಿಳಿಯ ಮೇಲೆ ಉರಿಯುವ ಕಿತ್ತಳೆ. ಹದೀಸ್ ಸಂಪ್ರದಾಯದ ಪ್ರಕಾರ, ಮೆಕ್ಕಾ ವಶವಾದ ದಿನ ಅಬೂಬಕರರ ತಂದೆ ಅಬೂ ಕುಹಾಫಾ ಬೆಳ್ಳಗಾದ ತಲೆ, ಗಡ್ಡದೊಡನೆ ಬಂದಾಗ ಅದಕ್ಕೆ ಬಣ್ಣ ಹಚ್ಚಿರಿ, ಕಪ್ಪು ಮಾತ್ರ ಬೇಡ ಎಂದು ಪ್ರವಾದಿಯವರು ಹೇಳಿದರು. ಕಪ್ಪೊಂದೇ ಗುರಿಯಾಗಿದ್ದ ಲೋಕದಲ್ಲಿ ಬಣ್ಣದ ಛಾಯೆಯನ್ನು ನೀತಿಯ ಪ್ರಶ್ನೆಯಾಗಿ ಕಂಡ ಅಪರೂಪದ ಪ್ರಸಂಗವಿದು. ವಯಸ್ಸನ್ನು ಮುಚ್ಚಿಡದೆಯೂ ನರೆಯನ್ನು ಸಿಂಗರಿಸಬಹುದು ಎಂಬುದಕ್ಕೆ ದಖ್ಖನ್ನಿನ ಹಿರಿಯ ಮುಸ್ಲಿಮರ ಕೆಂಪು ಗಡ್ಡ ಇಂದಿಗೂ ಸಾಕ್ಷಿ. ಮದರಂಗಿಯ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿದರೆ ಕಂದಿನಿಂದ ಕಪ್ಪಿನವರೆಗೆ ಬಣ್ಣ ಸಿಗುತ್ತದೆ.

ಬೇಕಾದ ಛಾಯೆಯನ್ನು ಆರಿಸಿಕೊಳ್ಳಲು ಸಾಧ್ಯವಾದದ್ದು ಕಲ್ಲಿದ್ದಲ ಟಾರಿನ ರಸಾಯನದಿಂದ. 1863ರಲ್ಲಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಪ್ಯಾರಾಫಿನೈಲಿನ್‌ಡಯಾಮಿನ್ ಎಂಬ ವಸ್ತುವನ್ನು ವಿವರಿಸಿದ. ಇದು ಬಣ್ಣವಿಲ್ಲದ ಸಣ್ಣ ಅಣುವಾಗಿ ಕೂದಲೊಳಗೆ ನುಸುಳಿ, ಹೈಡ್ರೋಜನ್ ಪೆರಾಕ್ಸೈಡಿನ ಸಂಗಡ ಅಲ್ಲೇ ದೊಡ್ಡ ಬಣ್ಣದ ಅಣುವಾಗಿ ಬೆಳೆಯುತ್ತದೆ, ಮತ್ತೆ ಹೊರಬರಲಾರದು. ಜೊತೆಗೆ ಬೆರೆಸುವ ವಸ್ತು ಬದಲಾದರೆ ಬಣ್ಣವೂ ಬದಲು. ಇದೇ ರಸಾಯನದ ಮೇಲೆ ಫ್ರಾನ್ಸಿನ ಯುಜೀನ್ ಶೂಲರ್ 1907ರಲ್ಲಿ ಕೂದಲ ಬಣ್ಣ ತಯಾರಿಸಿ, 1909ರಲ್ಲಿ ಮುಂದೆ ಲೋರಿಯಲ್ ಎನಿಸಿದ ಕಂಪನಿ ಕಟ್ಟಿದ. 1956ರಲ್ಲಿ ಅಮೆರಿಕದ ಕ್ಲೇರಾಲ್ ಇದನ್ನು ಒಂದೇ ಹಂತದಲ್ಲಿ ಮನೆಯಲ್ಲೇ ಹಚ್ಚುವಂತೆ ಮಾಡಿತು.

ಇದರ ಬೆಲೆಯೂ ಇದೆ. ಪ್ಯಾರಾಫಿನೈಲಿನ್‌ಡಯಾಮಿನ್ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ: ನೆತ್ತಿಯಲ್ಲಿ ತುರಿಕೆ, ಮುಖದಲ್ಲಿ ಬಾವು. ಕಪ್ಪು ಮೆಹಂದಿ ಎಂದು ಮಾರಾಟವಾಗುವ ಅನೇಕ ಪೊಟ್ಟಣಗಳ ಕಪ್ಪು ಎಲೆಯದಲ್ಲ, ಇದರದೇ. ಗಿಡಮೂಲಿಕೆಯೆಂದು ನಂಬಿ ಕೊಂಡವರಿಗೆ ಅದು ಅನ್ಯಾಯ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಬಿಳಿ ಬೇಗ ಮರಳುತ್ತದೆ. ಕಡುಗಪ್ಪಿನ ಕೆಳಗೆ ಆ ಗೆರೆ ಎದ್ದು ಕಾಣುತ್ತದೆ, ತಿಳಿಗಂದಿನ ಕೆಳಗೆ ಅಷ್ಟಾಗಿ ಕಾಣುವುದಿಲ್ಲ.

ಮುಚ್ಚುವ ಬದಲು ಬಿಳಿಯನ್ನೇ ತಿದ್ದುವ ರೂಢಿ 20ನೇ ಶತಮಾನದಲ್ಲಿ ಬ್ರಿಟನ್, ಅಮೆರಿಕಗಳ ಹಿರಿಯ ಹೆಂಗಸರಲ್ಲಿ ಹರಡಿತು. ಹೊಗೆ, ಬಿಸಿಲು, ಗಡಸು ನೀರಿನಿಂದ ಬಿಳಿ ಕೂದಲಿಗೆ ಹಳದಿ ಹಿಡಿಯುತ್ತದೆ. ತೆಳು ನೀಲಿಯ ನೀರಿನಲ್ಲಿ ಜಾಲಿಸಿದರೆ ಅದು ಬೆಳ್ಳಿಯಂತೆ ಹೊಳೆಯುತ್ತದೆ. ಪ್ರಮಾಣ ಮೀರಿದರೆ ತಲೆಯೇ ನೀಲಿ. ಈಗ ಸಿಗುವ ನೇರಳೆ ಶಾಂಪೂಗಳು ಅದರ ಮುಂದುವರಿಕೆ, ಹಳದಿಗೆ ನೇರಳೆ ಎದುರು ಬಣ್ಣವಾದ್ದರಿಂದ. ಬಿಳಿ ಪಂಚೆಗೆ ಕೊನೆಯ ನೀರಿನಲ್ಲಿ ನೀಲಿ ಹಾಕುವವರಿಗೆ ಈ ಲೆಕ್ಕ ಹೊಸದಲ್ಲ.