ದಕ್ಷಿಣ ಬೆಂಗಳೂರಿನ ಹಾವುರಾಣಿಗಳು: ಸಡಿಲ ಮಣ್ಣು, ಆಹಾರ ಮತ್ತು ಆರೈಕೆ

ಹೂಕುಂಡ ಸರಿಸಿದಾಗ ಅಡಿಯಿಂದ ಸರ್ರನೆ ಹರಿದು ಮರೆಯಾಗುವ ಕೆಂಪು ಬಾಲದ ಜೀವಿಯನ್ನು ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಹಾವಿನ ಮರಿಯೆಂದೇ ತಿಳಿದು ಪೊರಕೆಯಿಂದ ಬಡಿಯುವುದುಂಟು. ಅದು ರಿಯೋಪಾ ಪಂಕ್ಟೇಟಾ ಎಂಬ ಹಾವುರಾಣಿಯ ಮರಿ. ಕರಾವಳಿಯವರು ಈ ಕುಟುಂಬದ ಪ್ರಾಣಿಗಳನ್ನು ಅರಣೆ ಎನ್ನುತ್ತಾರೆ. ಹಾವುರಾಣಿ ಕಚ್ಚಿದರೆ ಸಾವು ಖಚಿತ ಎಂಬ ನಂಬಿಕೆ ಇಂದಿಗೂ ಬಲವಾಗಿದ್ದರೂ ಇವುಗಳಲ್ಲಿ ಯಾವುದಕ್ಕೂ ವಿಷವಿಲ್ಲ. ಇನ್ನೊಂದೆಡೆ, ಮರುಭೂಮಿಯ ಹಾವುರಾಣಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸವೂ, ಅದಕ್ಕೆಂದೇ ರೂಪುಗೊಂಡ ಆರೈಕೆಯ ಕ್ರಮಗಳೂ ಇವೆ. ಆ ಕ್ರಮಗಳನ್ನು ನಮ್ಮ ಹಿತ್ತಲಿನ ಪ್ರಾಣಿಗೆ ಹಾಗೆಯೇ ಅನ್ವಯಿಸಿದರೆ ಅದು ಉಳಿಯಲಾರದು. ಏಕೆಂದರೆ ಹಾವುರಾಣಿಯ ದೇಹ, ಊಟ, ಉಸಿರು ಎಲ್ಲವೂ ಅದು ಹುದುಗಿರುವ ಮಣ್ಣಿಗೆ ಹೊಂದಿಕೊಂಡಿವೆ. ಆರೈಕೆಯ ಮಾತನ್ನು ಮಣ್ಣಿನಿಂದಲೇ ಆರಂಭಿಸಬೇಕು.

ಸಹಾರಾ ಮತ್ತು ಅರೇಬಿಯಾದ ಸ್ಕಿಂಕಸ್ ಸ್ಕಿಂಕಸ್ ಈ ಹೊಂದಾಣಿಕೆಯ ಪರಾಕಾಷ್ಠೆ. 'ಮರಳು ಮೀನು' ಎಂದೇ ಹೆಸರಾದ ಇದು ಮರಳಿನೊಳಗೆ ಹೇಗೆ ಚಲಿಸುತ್ತದೆ ಎಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಎಕ್ಸ್-ರೇ ಚಿತ್ರಣದಲ್ಲಿ ಕಂಡು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರಳಿಗೆ ಇಳಿದೊಡನೆ ಅದು ಕೈಕಾಲುಗಳನ್ನು ಮೈಗೆ ಅಂಟಿಸಿಕೊಂಡು, ದೇಹವನ್ನು ಅಲೆಯಲೆಯಾಗಿ ಬಳುಕಿಸಿಯೇ ಮುಂದೆ ಸಾಗುತ್ತದೆ. ಒಣ ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಸರಿದು ದಾರಿ ಬಿಡುವುದರಿಂದ ಇದು ಸಾಧ್ಯ. ನಮ್ಮ ದೇಶದಲ್ಲಿ ಇಂಥ ಬದುಕಿಗೆ ಹತ್ತಿರವಾದದ್ದು ಥಾರ್ ಮರುಭೂಮಿಯ ಒಫಿಯೊಮೋರಸ್ ಕುಲ.

ಬೆಂಗಳೂರಿನ ನೆಲದ ಕಥೆ ಬೇರೆ. ಲಾಲ್‌ಬಾಗ್, ಬ್ಯೂಗಲ್ ರಾಕ್, ತುರಹಳ್ಳಿಗಳಲ್ಲಿ ತಲೆಯೆತ್ತಿರುವ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಸವೆದು ಆದದ್ದು ಈ ಕೆಂಪು ಮಣ್ಣು. ಇದರಲ್ಲಿ ಮರಳಿನ ಜೊತೆಗೆ ಜೇಡಿಯೂ ಇದೆ. ಒದ್ದೆಯಾದರೆ ಹಿಡಿಗೆ ಅಂಟುತ್ತದೆ, ಒಣಗಿದರೆ ಹೆಂಟೆಗಟ್ಟುತ್ತದೆ. ಇಲ್ಲಿ ಈಜುವ ಮಾತೇ ಇಲ್ಲ. ರಿಯೋಪಾ ಮಾಡುವುದು ನುಸುಳುವ ಕೆಲಸ: ತರಗೆಲೆಯ ಹಾಸಿನಡಿ, ಕಲ್ಲಿನ ಸಂದಿಯಲ್ಲಿ, ಎರೆಹುಳು ಸಡಿಲಿಸಿದ ಮೇಲ್ಮಣ್ಣಿನಲ್ಲಿ ದಾರಿ ಮಾಡಿಕೊಂಡು ಸಾಗುತ್ತದೆ. ಕೈಯಲ್ಲಿ ಹಿಡಿಯದೆ, ಬಾಗಿ ನೋಡಿದರೂ ಸಾಕು, ದೇಹವೇ ಇದನ್ನು ಹೇಳುತ್ತದೆ. ಉದ್ದನೆಯ ಮೈ, ಮೈಯುದ್ದಕ್ಕೆ ಸಾಲದ ಪುಟ್ಟ ಕಾಲುಗಳು, ಮಣ್ಣು ಅಂಟದ ನುಣುಪು ಹುರುಪೆ, ಸಾಲುಸಾಲಾದ ಕಪ್ಪು ಚುಕ್ಕೆ. ಕೆಳರೆಪ್ಪೆಯ ನಡುವೆ ಪಾರದರ್ಶಕವಾದ ಒಂದು ಬಿಲ್ಲೆಯಿದೆ. ಕಣ್ಣು ಮುಚ್ಚಿಕೊಂಡು ಮಣ್ಣಿನಲ್ಲಿ ಸಾಗುವಾಗಲೂ ಬೆಳಕು ಒಳಬರುತ್ತದೆ. ಅದರ ಬಂಧು ಯೂಟ್ರೋಪಿಸ್ ಕ್ಯಾರಿನೇಟಾ ಇದಕ್ಕಿಂತ ದಪ್ಪ, ಕಂಚಿನ ಬಣ್ಣದ್ದು, ಹುರುಪೆಗಳ ಮೇಲೆ ಏಣುಗಳಿರುವಂಥದ್ದು. ಬೆಳಗಿನ ಬಿಸಿಲಿಗೆ ಕಾಂಪೌಂಡಿನ ಬುಡದಲ್ಲಿ ಮೈ ಕಾಯಿಸುವುದು ಸಾಮಾನ್ಯವಾಗಿ ಇದೇ.

ಈ ಮಣ್ಣಿನ ನಂಟು ಇತ್ತೀಚಿನದಲ್ಲ. ರಿಯೋಪಾ ಪಂಕ್ಟೇಟಾ ಆಗ ಸೇರಿದ್ದ ಲೈಗೊಸೋಮಾ ಕುಲದ ಭಾರತೀಯ ಪ್ರಭೇದಗಳ ವಂಶವೃಕ್ಷವನ್ನು ಡಿಎನ್‌ಎ ಆಧಾರದಲ್ಲಿ ಬಿಡಿಸಿದ ಅನಿರುದ್ಧ ದತ್ತ-ರಾಯ್, ಪ್ರವೀಣ್ ಕಾರಂತ್ ಮತ್ತು ಸಂಗಡಿಗರು, ಇವು ಈ ಉಪಖಂಡದಲ್ಲಿಯೇ ಕವಲೊಡೆದಿರಬೇಕು ಎಂದು 2014ರಲ್ಲಿ ತೋರಿಸಿದರು. ಕಾರಂತರ ಪ್ರಯೋಗಾಲಯವಿರುವುದು ಇದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2019ರ ಮರುವಿಂಗಡಣೆಯಲ್ಲಿ ಪಂಕ್ಟೇಟಾ ಪ್ರಭೇದ ಲೈಗೊಸೋಮಾದಿಂದ ರಿಯೋಪಾ ಕುಲಕ್ಕೆ ಬಂತು. ಸಡಿಲ ಮಣ್ಣಿನ ಬದುಕು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಒಡಿಶಾದ ಚಿಲಿಕಾ ಸರೋವರದ ಬಾರ್ಕುಡಾ ದ್ವೀಪದಿಂದ ಪ್ರಾಣಿಶಾಸ್ತ್ರಜ್ಞ ಆನಂಡೇಲ್ 1917ರಲ್ಲಿ ವರ್ಣಿಸಿದ ಬಾರ್ಕುಡಿಯಾ ಎಂಬ ಹಾವುರಾಣಿ ಸಾಕ್ಷಿ: ಅದಕ್ಕೆ ಕಾಲುಗಳೇ ಇಲ್ಲ.

ಆಹಾರಕ್ಕೂ ಮಣ್ಣೇ ಮೂಲ. ಗೆದ್ದಲು, ಜೇಡ, ಸಣ್ಣ ಜಿರಲೆ, ಇರುಳಲ್ಲಿ ಕಿರ್‌ಗುಟ್ಟುವ ಚಿಮ್ಮಂಡೆ, ದುಂಬಿಗಳ ಮರಿಹುಳು ಇವುಗಳ ಊಟ; ಕ್ಯಾರಿನೇಟಾ ಎರೆಹುಳುವನ್ನೂ ಬಿಡುವುದಿಲ್ಲ. ಏಪ್ರಿಲ್-ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಈಸಲು ಏಳುತ್ತವೆ. ಬೀದಿದೀಪದ ಕೆಳಗೆ ರೆಕ್ಕೆ ಕಳಚಿ ನೆಲದಲ್ಲಿ ಹರಿದಾಡುವ, ಕೊಬ್ಬು ತುಂಬಿದ ಆ ಹುಳುಗಳು ಹಾವುರಾಣಿಗೆ ಹಬ್ಬದೂಟ. ಮಳೆಗಾಲ ಮೊಟ್ಟೆಯಿಡುವ ಕಾಲವೂ ಹೌದಾದ್ದರಿಂದ ಈ ಊಟ ಬೀಳುವುದು ತಕ್ಕ ಹೊತ್ತಿಗೇ. ತಿಂದು ಉಳಿದ ಕೊಬ್ಬು ಬಾಲದಲ್ಲಿ ಶೇಖರವಾಗುತ್ತದೆ. ಬೆಕ್ಕಿಗೋ ಕೆಂಬೂತಕ್ಕೋ ಸಿಕ್ಕಾಗ ಹಾವುರಾಣಿ ಬಾಲವನ್ನು ಕಳಚಿ ಓಡುತ್ತದೆ; ಬಾಲ ವಿಲವಿಲ ಒದ್ದಾಡುತ್ತಾ ಶತ್ರುವಿನ ಗಮನ ಹಿಡಿದಿಡುತ್ತದೆ. ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆಯಿಲ್ಲ, ಮೃದ್ವಸ್ಥಿ ಮಾತ್ರ. ಜೀವ ಉಳಿದರೂ ಕೂಡಿಟ್ಟ ಕೊಬ್ಬು ಹೋಯಿತು. ಆಟಕ್ಕೆಂದು ಬಾಲ ಹಿಡಿಯುವ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಸಾಕಣೆಯ ವಿಚಾರ. ಮರಳು ಮೀನಿಗೆ ಮೈ ಮುಳುಗುವಷ್ಟು ಆಳದ ನಯವಾದ ಒಣ ಮರಳು, ಒಂದು ತುದಿಯಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ, ಇನ್ನೊಂದು ತುದಿಯಲ್ಲಿ ತಂಪು, ನೇರಳಾತೀತ ಕಿರಣದ ದೀಪ ಬೇಕು. ಸಾಕಿದ ಚಿಮ್ಮಂಡೆಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಕ್ಯಾಲ್ಸಿಯಂ ಪುಡಿ ಸವರದೆ ಅವುಗಳನ್ನೇ ತಿನ್ನಿಸಿದರೆ ಮೂಳೆ ಮೆತ್ತಗಾಗಿ ದವಡೆ, ಬೆನ್ನು ಸೊಟ್ಟಗಾಗುತ್ತವೆ. ನಮ್ಮ ಕಟ್ಟಡ ಸಾಮಗ್ರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಂ-ಸ್ಯಾಂಡ್ ಮರಳು ಮೀನಿಗೆ ಒಗ್ಗದು. ಜಲ್ಲಿ ಪುಡಿಮಾಡಿ ತಯಾರಿಸಿದ ಆ ಮರಳಿನ ಕಣಗಳು ಚೂಪು, ಕಲ್ಲಿನ ದೂಳೂ ಜಾಸ್ತಿ. ಇನ್ನು ರಿಯೋಪಾವನ್ನು ಒಣ ಮರಳಿನಲ್ಲಿ, ಅಷ್ಟು ಶಾಖದಲ್ಲಿ ಇಟ್ಟರೆ ಅದರ ಮೈಯ ತೇವ ಆರಿಹೋಗುತ್ತದೆ, ಮೇವಿನೊಡನೆ ನುಂಗಿದ ಮರಳು ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ಕಾಡುಜೀವಿಯನ್ನು ಹಿಡಿದು ಸಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ವಿದೇಶಿ ಪ್ರಾಣಿ ತರುವವರೂ ಗಮನಿಸಬೇಕು: ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ಪ್ರಕಾರ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಪಟ್ಟಿಯಿಂದ ಕಾಯ್ದೆಯ ಅನುಸೂಚಿಗೆ ಸೇರಿದ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು.

ಹಾಗಾದರೆ ಇಲ್ಲಿ ಮಾಡಬಹುದಾದ ಆರೈಕೆ ಯಾವುದು? 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಹಳೆಯ ಮನೆಗಳಿಗೆ ಹಿತ್ತಲಿತ್ತು, ಚಪ್ಪಡಿಗಳ ನಡುವೆ ಸಂದಿಯಿತ್ತು, ಹೊಂಗೆ ಮರದಡಿ ಎಲೆ ಕೊಳೆಯುತ್ತಿತ್ತು. ಮನೆ ಒಡೆದು ಅಪಾರ್ಟ್‌ಮೆಂಟ್ ಎದ್ದಾಗ ಗೋಡೆಯಿಂದ ಗೋಡೆಗೆ ಟೈಲ್ಸ್ ಬರುತ್ತದೆ. ಮರವನ್ನು ಉಳಿಸಿದರೂ ಬುಡಕ್ಕೆ ಕಾಂಕ್ರೀಟ್ ಬಳಿಯುತ್ತಾರೆ. ಹಸಿರು ಉಳಿಯಿತೆಂದು ನಾವು ಸಮಾಧಾನಪಡುವ ಜಾಗದಲ್ಲೇ ಹಾವುರಾಣಿಯ ನೆಲೆ ಹೋಗಿರುತ್ತದೆ. ಉದ್ಯಾನಗಳ ಎಲೆಯನ್ನು ದಿನವೂ ಗುಡಿಸಿ ಸಾಗಿಸುವುದಕ್ಕಿಂತ, ಬೇಲಿಯಂಚಿನಲ್ಲಿ ಒಂದು ಗೇಣು ದಪ್ಪ ಹಾಗೇ ಬಿಡುವುದು ಒಳ್ಳೆಯದು. ಗೆದ್ದಲಿಗೆ ಮದ್ದು ಹೊಡೆಯುವಾಗ ಮರಮುಟ್ಟಿನ ಹತ್ತಿರಕ್ಕೆ ಸೀಮಿತಗೊಳಿಸಿ, ತೋಟದ ಮಣ್ಣಿಗೆ ಸುರಿಯದಿರಬೇಕು. ಮಳೆಗಾಲದಲ್ಲಿ ಕುಂಡದ ಮಣ್ಣು ಬದಲಿಸುವಾಗ ಉದ್ದುದ್ದನೆಯ ಬಿಳಿ ಮೊಟ್ಟೆ ಕಂಡರೆ ತಿರುಗಿಸದೆ, ಮೇಲ್ಮುಖವಾಗಿದ್ದ ಭಾಗ ಮೇಲೆಯೇ ಇರುವಂತೆ ಅದೇ ಮಣ್ಣು ಮುಚ್ಚಿ, ಆ ಕುಂಡದ ಕೆಲಸವನ್ನು ಮರಿಗಳು ಹೊರಬರುವವರೆಗೆ ಮುಂದೂಡುವುದು ಸೂಕ್ತ.