ಲೈನ್ ಮನೆಯಿಂದ ಬಾಡಿಗೆ ಮನೆಗೆ: ಕಾಫಿ ಸೀಮೆಯ ದುಡಿಯುವ ದಂಪತಿಗಳ ಜೀವನ ವೆಚ್ಚದ ಚರಿತ್ರೆ

ಊರು ಬಿಟ್ಟು ದುಡಿಯಲು ಹೋಗುವ ಗಂಡ ಹೆಂಡತಿಗೆ ಹೊಸ ಜಾಗದ ಬದುಕು ಎಷ್ಟಕ್ಕೆ ಬೀಳುತ್ತದೆ ಎಂಬ ಲೆಕ್ಕವನ್ನು ಈಗ ಬೆಂಗಳೂರಿನಂಥ ನಗರದ ಬಗ್ಗೆ ಮಾತ್ರ ಹಾಕುವುದು ರೂಢಿಯಾಗಿದ್ದರೂ, ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ಅದು ಒಂದೂವರೆ ಶತಮಾನಕ್ಕೂ ಹಿಂದಿನದು. ಆ ಬೆಟ್ಟಗಳಿಗೆ ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಬಂದ ಜೋಡಿಗಳು ಬಾಡಿಗೆ ಕಟ್ಟಲಿಲ್ಲ, ಸೌದೆ ಕೊಳ್ಳಲಿಲ್ಲ, ನೀರಿಗೆ ಕಾಸು ಕೊಡಲಿಲ್ಲ. ಆದರೂ ಅವರ ಬದುಕು ಅಗ್ಗವಾಗಿರಲಿಲ್ಲ. ಬೆಲೆಯನ್ನು ರೊಕ್ಕದ ಬದಲು ಸಾಲದಲ್ಲಿ, ಜ್ವರದಲ್ಲಿ, ಬೇರೆಡೆಗೆ ಹೋಗಲಾಗದ ಕಟ್ಟಿನಲ್ಲಿ ತೆರಬೇಕಾಗುತ್ತಿತ್ತು ಎಂಬುದಷ್ಟೇ ವ್ಯತ್ಯಾಸ.

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಇಂದು ಅವರ ಹೆಸರಿನಲ್ಲಿರುವ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿ ಸರ್ವವಿದಿತ. ಆದರೆ ಅಲ್ಲಿಂದ ಬಹುಕಾಲ ಕಾಫಿ ಹಿತ್ತಿಲ ಬೆಳೆಯಾಗಿಯೇ ಉಳಿದು, ಕೂಲಿ ಕೊಟ್ಟು ಬೆಳೆಸುವ ದೊಡ್ಡ ತೋಟಗಳು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕ್ಯಾನನ್ ಎಂಬ ಯುರೋಪಿಯನ್ ಬಾಬಾಬುಡನ್ ಗಿರಿಗೆ ದಕ್ಷಿಣದ ಬೆಟ್ಟಗಳಲ್ಲಿ ತೋಟ ಹಾಕಿದ ನಂತರ. 1856ರಲ್ಲಿ ನೆರೆಯ ಮಂಜರಾಬಾದಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್‌ನಂಥವರು ಕಾಡು ಕಡಿಸತೊಡಗಿದಾಗ ಎದುರಾದ ಮೊದಲ ತೊಡಕು ಭೂಮಿಯದ್ದಲ್ಲ, ಆಳಿನದು. ಮಲೆನಾಡಿನ ದುಡಿಯುವ ಜನರಲ್ಲಿ ಹೆಚ್ಚಿನವರು ಆಗಲೇ ಯಾರದೋ ಮನೆಗೆ ಕಟ್ಟುಬಿದ್ದವರಾಗಿದ್ದರು. ಒಡೆಯನ ಮನೆಯಲ್ಲೇ ಹುಟ್ಟಿ ತಲೆಮಾರಿನಿಂದ ದುಡಿಯುವವನನ್ನು ಹುಟ್ಟಾಳು ಎಂದೂ, ಜಮೀನು ಕೈಬದಲಾದಾಗ ಅದರೊಂದಿಗೆ ತಾನೂ ಕೈಬದಲಾಗುವವನನ್ನು ಮಣ್ಣಾಳು ಎಂದೂ ಕರೆಯುತ್ತಿದ್ದರು. ಇಂಥ ಆಳಿಗೆ ಸಿಗುತ್ತಿದ್ದುದು ಭತ್ತ, ಕಂಬಳಿ, ಹಬ್ಬಕ್ಕೊಂದು ಬಟ್ಟೆ. ನಾಣ್ಯವೆಂಬುದು ಅವನ ಕೈಗೆ ಸೋಕುತ್ತಿದ್ದುದೇ ಅಪರೂಪ.

ಹೀಗಾಗಿ ತೋಟದವರು ಹೊರಗಿನ ಜನರನ್ನು ಕರೆತರಬೇಕಾಯಿತು, ಕರೆತರುವ ಸಾಧನವೇ ಮುಂಗಡ. ಕೂಲಿಯ ಬಾಬ್ತಿನಲ್ಲಿ ಮೊದಲೇ ಕೊಡುವ ಈ ಹಣವನ್ನು ಮೇಸ್ತ್ರಿ, ದಕ್ಷಿಣ ಕನ್ನಡದ ಕಡೆಯವನಾದರೆ ಸೇರೆಗಾರ, ತೋಟದಿಂದ ಒಟ್ಟಿಗೆ ಪಡೆದು ತನ್ನ ಊರಿನ ಮನೆಮನೆಗೆ ಹಂಚಿ, ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಬರುತ್ತಿದ್ದನು. ಮುಂಗಡ ಹಳೆಯ ಸಾಲ ತೀರಿಸಲೋ ಎತ್ತು ಕೊಳ್ಳಲೋ ಬಳಕೆಯಾಗುತ್ತಿತ್ತು. ಮದುವೆಗೆ ಪಡೆದದ್ದೂ ಸಾಕಷ್ಟು, ಆದ್ದರಿಂದ ಅನೇಕ ಜೋಡಿಗಳು ತಮ್ಮ ಮದುವೆಯ ಖರ್ಚನ್ನೇ ತೀರಿಸಲು ಒಟ್ಟಿಗೆ ಘಟ್ಟ ಹತ್ತುತ್ತಿದ್ದವು. ತೋಟಕ್ಕೂ ಒಂಟಿ ಆಳಿಗಿಂತ ಜೋಡಿಯೇ ಬೇಕಿತ್ತು: ಗುಂಡಿ ತೋಡಲು, ನೆರಳಿನ ಮರದ ಕೊಂಬೆ ಸವರುವ ಮರಗಸಿ ಕೆಲಸಕ್ಕೆ ಗಂಡು, ಕಳೆ ತೆಗೆಯಲು, ಹಣ್ಣು ಕೊಯ್ಯಲು ಹೆಣ್ಣು, ಇಬ್ಬರಿಗೂ ಒಂದೇ ಸೂರು ಸಾಕು. ಹೆಣ್ಣಾಳಿನ ಕೂಲಿ ಗಂಡಾಳಿನದಕ್ಕಿಂತ ಕಡಿಮೆಯಿರುವುದು ಯಾರೂ ಪ್ರಶ್ನಿಸದ ಪದ್ಧತಿಯಾಗಿತ್ತು, ಮತ್ತು 1976ರ ಸಮಾನ ವೇತನ ಕಾಯಿದೆ ಬರುವವರೆಗೂ ಕಾನೂನು ಅದನ್ನು ತಡೆಯಲಿಲ್ಲ.

ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ ಏನು ಗತಿ ಎಂಬುದಕ್ಕೆ 1859ರ 13ನೆಯ ಕಾಯಿದೆ ಉತ್ತರ ಕೊಟ್ಟಿತ್ತು. ಕರಾರು ಮುರಿದ ಕೆಲಸಗಾರನು ಹಣ ಹಿಂತಿರುಗಿಸಬೇಕು ಇಲ್ಲವೇ ದುಡಿದು ತೀರಿಸಬೇಕು, ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ ಎಂದು ವಿಧಿಸಿದ ಈ ಕಾನೂನು ಮೈಸೂರು ಸೀಮೆಗೂ ಅನ್ವಯಿಸಿತು. ಬ್ರಿಟಿಷ್ ಭಾರತದಲ್ಲಿ ಇದನ್ನು 1925ರಲ್ಲಿ ರದ್ದುಗೊಳಿಸುವವರೆಗೆ, ದಿವಾಣಿ ವ್ಯಾಜ್ಯವಾಗಬೇಕಿದ್ದ ಸಾಲ ಬಡವನ ಪಾಲಿಗೆ ಕ್ರಿಮಿನಲ್ ಅಪರಾಧವಾಗಿತ್ತು. ಮುಂಗಡದಿಂದಾಗಿ ಹುಟ್ಟಾಳುಗಳು ಹಳೆಯ ಒಡೆಯನ ಹಂಗಿನಿಂದ ಬಿಡುಗಡೆ ಪಡೆದರೆಂಬ ವಾದದಲ್ಲಿ ಸತ್ಯಾಂಶವಿದೆ, ಏಕೆಂದರೆ ಕಾಫಿ ತೋಟದ ರೂಪಾಯಿ ಮಲೆನಾಡಿನ ಬಡವರಿಗೆ ಮೊದಲ ಸಲ ಒಡೆಯನನ್ನು ಬದಲಿಸುವ ಆಯ್ಕೆ ಕೊಟ್ಟಿತು. ಆದರೆ ಆ ಆಯ್ಕೆ ಒಂದು ಋಣದಿಂದ ಇನ್ನೊಂದು ಋಣಕ್ಕೆ ದಾಟುವಷ್ಟೇ ಅಗಲವಾಗಿತ್ತೆಂಬುದನ್ನು ತೋಟದ ಪಕ್ಷದ ಬರಹಗಳು ಹೇಳುವುದಿಲ್ಲ.

ವಲಸೆಯ ಇನ್ನೊಂದು ವೆಚ್ಚ ಜ್ವರ. ಮಲೇರಿಯಾಕ್ಕೆ ಮಲೆನಾಡಿನ ಜ್ವರವೆಂದೇ ಹೆಸರಾಗಿದ್ದ ಕಾಲದಲ್ಲಿ ಹೊರಗಿನಿಂದ ಬಂದವರು ಕೊಯ್ಲು ಮುಗಿಸಿ, ಬೇಸಿಗೆಯ ಜ್ವರದ ದಿನಗಳು ಹತ್ತಿರವಾಗುತ್ತಲೇ ಯುಗಾದಿಯ ವೇಳೆಗೆ ಊರು ಸೇರಿಕೊಳ್ಳುತ್ತಿದ್ದರು. ಜೋಡಿಯಲ್ಲಿ ಒಬ್ಬರು ಮಲಗಿದರೆ ಒಂದು ಕೂಲಿ ನಿಂತುಹೋಗಿ, ಇನ್ನೊಬ್ಬರು ಆರೈಕೆಗೆ ಕುಳಿತರೆ ಎರಡೂ ನಿಂತು, ಮುಂಗಡದ ಬಾಕಿ ಮುಂದಿನ ವರ್ಷಕ್ಕೆ ಏರುತ್ತಿತ್ತು. ಇಡೀ ವರ್ಷ ತೋಟದಲ್ಲೇ ನೆಲೆಸುವ ಕಾರ್ಮಿಕ ಕುಟುಂಬಗಳು ಹೆಚ್ಚಿದ್ದಕ್ಕೂ ಸ್ವಾತಂತ್ರ್ಯದ ಆಸುಪಾಸಿನ ಡಿಡಿಟಿ ಸಿಂಪಡಣೆಗೂ, 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೂ ಇರುವ ನಂಟನ್ನು ಈ ಸೀಮೆಯ ಚರಿತ್ರೆ ಬರೆಯುವವರು ಇನ್ನಷ್ಟು ಗಮನಿಸಬೇಕಾಗಿದೆ.

ಹಾಗೆ ನೆಲೆಸಿದವರ ವಾಸಸ್ಥಾನವೇ ಲೈನ್ ಮನೆ, ಅಂದರೆ ಒಂದೇ ಉದ್ದನೆಯ ಮಾಡಿನ ಕೆಳಗೆ ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿದ ಬಿಡಾರಗಳು. ಒಂದು ಬಿಡಾರವೆಂದರೆ ಒಂದು ಕೋಣೆ, ಹೊಗೆ ಹಿಡಿದ ಒಂದು ಅಡುಗೆ ಮೂಲೆ, ಮುಂದೆ ಕಿರು ಜಗುಲಿ. ಇದು ಬಾಡಿಗೆಯ ಮನೆಯಲ್ಲವಾದರೂ ಪುಕ್ಕಟೆಯೂ ಅಲ್ಲ, ಏಕೆಂದರೆ ಅದರಲ್ಲಿರುವವರು ದಿನವೂ ಕೆಲಸಕ್ಕೆ ಹಾಜರಾಗಬೇಕೆಂಬುದು ಅಲಿಖಿತ ಷರತ್ತು, ಜೋಡಿಯಿಬ್ಬರೂ ದುಡಿಯುವವರಾದರೆ ಮಾತ್ರ ಬಿಡಾರ ಸಿಗುವುದು ವಾಡಿಕೆ, ಮತ್ತು ಕೆಲಸ ಬಿಟ್ಟ ದಿನವೇ ಮನೆಯನ್ನೂ ಬಿಡಬೇಕು. ಮರಗಸಿಯಲ್ಲಿ ಬಿದ್ದ ಕೊಂಬೆ ಸೌದೆಯಾಗುತ್ತಿತ್ತು, ಹಳ್ಳದ ನೀರು ಕೊಡಕ್ಕೆ ಬರುತ್ತಿತ್ತು. ಮಳೆಗಾಲದ ಸಾರಿಗೆ ತೋಡಿನ ಕೆಸು, ಬಿದಿರ ಮೆಳೆಯ ಕಳಲೆ, ಗುಡುಗಿನ ಹಿಂದೆಯೇ ಏಳುವ ಅಣಬೆ, ಗದ್ದೆಯಂಚಿನ ಏಡಿ ಇದ್ದವು. ಮೈಗೆ ಕಂಬಳಿಕೊಪ್ಪೆ ಅಥವಾ ಎಲೆಯಿಂದ ಹೆಣೆದ ಗೊರಬು ಇತ್ತು.

ಉಳಿದ ಲೆಕ್ಕ ತೀರುತ್ತಿದ್ದುದು ಬಟವಾಡೆಯ ದಿನ. ಕೂಲಿ ಹಂಚುವ ಈ ದಿನವನ್ನು ಸಂತೆಗೆ ಹೊಂದಿಸಿ ಇಟ್ಟುಕೊಳ್ಳುತ್ತಿದ್ದರು. ತೋಟದ ಗುಮಾಸ್ತನಾದ ರೈಟರು ಹಾಜರಿ ಪುಸ್ತಕ ಬಿಡಿಸಿ, ಗಂಡನ ಹೆಸರು, ಹೆಂಡತಿಯ ಹೆಸರು ಕೂಗಿ, ಇಷ್ಟು ದಿನದ ಕೂಲಿ ಇಷ್ಟು ಎಂದು ಹೇಳಿ, ಅದರಲ್ಲಿ ತೋಟದಿಂದ ಕೊಟ್ಟ ಅಕ್ಕಿಯ ಬಾಬ್ತು ಇಷ್ಟು, ಮುಂಗಡಕ್ಕೆ ವಜಾ ಇಷ್ಟು ಎಂದು ಕಳೆದು, ಮಿಕ್ಕದ್ದನ್ನು ಮೇಜಿನ ಮೇಲೆ ಇಡುತ್ತಿದ್ದನು. ಅನೇಕ ಕಡೆ ಹೆಂಡತಿಯ ಕೂಲಿಯೂ ಗಂಡನ ಕೈಗೇ ಹೋಗುತ್ತಿತ್ತು. ಆ ಕೈಯಿಂದ ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ, ಒಣಮೀನು, ಹೊಗೆಸೊಪ್ಪಿಗೆ ಎಷ್ಟು ಹೋಯಿತು, ಸಂತೆಯಂಚಿನ ಸಾರಾಯಿ ಅಂಗಡಿಗೆ ಎಷ್ಟು ಹೋಯಿತು ಎಂಬುದರ ಮೇಲೆ ಆ ವಾರದ ಮನೆ ನಿಲ್ಲುತ್ತಿತ್ತು. ಸಾರಾಯಿ ಎಂಬ ಈ ಖರ್ಚಿನ ಬಾಬ್ತಿಗೆ 2007ರ ಜುಲೈ 1ರಂದು ಸರ್ಕಾರವೇ ನಿಷೇಧ ಹಾಕಿತಾದರೂ, ಅದರ ಜಾಗಕ್ಕೆ ಹೆಚ್ಚು ಬೆಲೆಯ ಮದ್ಯ ಬಂದು ಕೂತದ್ದರಿಂದ ಮನೆಯ ಲೆಕ್ಕ ಸುಧಾರಿಸಿತೆಂದು ಹೇಳುವಂತಿಲ್ಲ.

ರೂಢಿಯ ಮೇಲೆ ನಿಂತಿದ್ದ ಸೌಕರ್ಯಗಳನ್ನು ಹಕ್ಕಾಗಿ ಮಾಡಿದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ. 25 ಎಕರೆಗೆ ಕಡಿಮೆಯಿಲ್ಲದ, 30 ಜನಕ್ಕಿಂತ ಕಡಿಮೆಯಿಲ್ಲದಂತೆ ಕೆಲಸಗಾರರಿದ್ದ ತೋಟಗಳಲ್ಲಿ ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ನೆರವು, 50 ಮಹಿಳೆಯರಿದ್ದರೆ ಅವರ ಪುಟ್ಟ ಮಕ್ಕಳಿಗೆ ಶಿಶುವಿಹಾರ, ಮಳೆ ಚಳಿಗೆ ಕೊಡೆ ಕಂಬಳಿ, ಇವೆಲ್ಲ ಮಾಲೀಕನ ಹೊಣೆಯೆಂದು ಅದು ಸಾರಿತು. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರು ಮತ್ತು 15 ಜನಕ್ಕೆ ಇಳಿಸಿತು. ಹೀಗೆ ನಗರದ ದುಡಿಯುವ ದಂಪತಿಗಳ ಖರ್ಚಿನಲ್ಲಿ ಎಲ್ಲಕ್ಕೂ ಭಾರವಾದ ಎರಡು ಬಾಬ್ತುಗಳು, ಅಂದರೆ ಮನೆ ಮತ್ತು ಮಗುವಿನ ಪಾಲನೆ, ಕಾಫಿ ತೋಟದಲ್ಲಿ ಕಾಗದದ ಮೇಲಾದರೂ ಸಂಬಳದ ಹೊರಗೇ ಉಳಿದವು. ಕಾಗದದ ಮೇಲೆ ಎಂಬ ಮಾತು ಬೇಕೇ ಬೇಕು, ಏಕೆಂದರೆ ಈ ಸೀಮೆಯ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು, ಕಾಯಿದೆಯ ಅಳತೆಗೇ ಬಾರದವು.

ಅಕ್ಷರಸ್ಥ ದಂಪತಿಗಳಿಗೂ ಇದೇ ಸೀಮೆಯಲ್ಲಿ ಒಂದು ಕಾಲ ಇಂಥ ವ್ಯವಸ್ಥೆ ಇತ್ತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಗಿ, ಕಳಸದಾಚೆಯ ಮಲ್ಲೇಶ್ವರ ಎಂಬ ಹಳ್ಳಿಯ ಜಾಗದಲ್ಲಿ ಟೌನ್‌ಶಿಪ್ ಎದ್ದಾಗ, ದೇಶದ ನಾನಾ ಕಡೆಯ ಎಂಜಿನಿಯರುಗಳು, ವೈದ್ಯರು, ಶಿಕ್ಷಕರು ಹೆಂಡತಿ ಮಕ್ಕಳೊಂದಿಗೆ ಕಾಡಿನ ನಡುವೆ ಬಂದು ಸಂಸಾರ ಹೂಡಿದರು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳನ್ನು ಕಂಪನಿಯೇ ಕಟ್ಟಿಸಿದ್ದರಿಂದ ಅವರ ಜೀವನ ವೆಚ್ಚವೂ ಲೈನ್ ಮನೆಯವರದ್ದರಂತೆ ಸಂಬಳದ ಚೀಟಿಯಲ್ಲಿ ಪೂರ್ತಿ ಕಾಣಿಸುತ್ತಿರಲಿಲ್ಲ, ಅಂತಸ್ತಿನ ಅಂತರ ಎಷ್ಟೇ ಇರಲಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಾಗ, ಕೆಲಸದೊಂದಿಗೆ ಮನೆಯೂ ಹೋಗುವುದೆಂಬ ತೋಟದ ನಿಯಮ ಈ ಪದವೀಧರರಿಗೂ ಅನ್ವಯವಾಯಿತು.

ಕಾಫಿ ಸೀಮೆಯಿಂದ ಬೆಂಗಳೂರಿನತ್ತ ಹರಿವು ಹೆಚ್ಚಿದ ಕಾಲವೂ ಹೆಚ್ಚುಕಡಿಮೆ ಇದೇ. 1940ರ ದಶಕದಿಂದ ಕಾಫಿ ಮಂಡಳಿ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಪೂಲ್ ಪದ್ಧತಿ 1990ರ ದಶಕದ ನಡುವೆ ಕೊನೆಗೊಂಡು, ಬೆಲೆ ಮೊದಲು ಏರಿ, 2001-02ರ ವೇಳೆಗೆ ಜಗತ್ತಿನಾದ್ಯಂತ ನೆಲಕಚ್ಚಿದಾಗ, ಸಣ್ಣ ಬೆಳೆಗಾರರ ಓದಿದ ಮಕ್ಕಳು ಕಂಪ್ಯೂಟರ್ ಕಂಪನಿಗಳಿಗೂ ಲೈನ್ ಮನೆಯ ಮಕ್ಕಳು ಗಾರ್ಮೆಂಟ್ಸ್, ಸೆಕ್ಯೂರಿಟಿ, ಹೋಟೆಲ್ ಕೆಲಸಗಳಿಗೂ ನಗರದ ಬಸ್ಸು ಹತ್ತಿದರು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ; ಅಲ್ಲಿಯವರೆಗೆ ಕಡೂರಿಗೆ ಹೋಗಿ ರೈಲು ಹಿಡಿಯಬೇಕು, ಇಲ್ಲವೇ ಬಸ್ಸೇ ಗತಿ. ಹಾಸನದ ದಾರಿಯ ಬಸ್ಸು ನಗರಕ್ಕೆ ಪ್ರವೇಶಿಸುವ ತುಮಕೂರು ರಸ್ತೆಯ ಎರಡೂ ಬದಿಯ ಪೀಣ್ಯ, ದಾಸರಹಳ್ಳಿಗಳಲ್ಲಿ ಮಲೆನಾಡಿನ ಮಾತು ಕಿವಿಗೆ ಬೀಳುವುದು ಇಂದಿಗೂ ಸಾಮಾನ್ಯ.

ಅಲ್ಲಿ ಈ ಜೋಡಿಗಳಿಗೆ ಮೊದಲ ಪೆಟ್ಟು ಕೊಟ್ಟದ್ದು ಮನೆ. ಬೆಟ್ಟದಲ್ಲಿ ಕೆಲಸ ಕೊಡುವವನು ಬರುವವನಿಗೆ ಮುಂಗಡ ಕೊಡುತ್ತಿದ್ದರೆ, ಬೆಂಗಳೂರಿನಲ್ಲಿ ಬರುವವನೇ ಮನೆಯೊಡೆಯನಿಗೆ ಹತ್ತು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಕೊಡಬೇಕೆಂಬ ವಾಡಿಕೆ ಬೇರೂರಿತ್ತು; 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ ಇದನ್ನು ಎರಡು ತಿಂಗಳಿಗೆ ಮಿತಗೊಳಿಸಬೇಕೆಂದು ಸೂಚಿಸಿದರೂ ಅದು ಬರಿಯ ಮಾದರಿ. ದುಡಿಯತೊಡಗುವ ಮುನ್ನವೇ ಇಷ್ಟು ಹಣ ಹೊಂದಿಸಲು ಒಡವೆ ಅಡವಿಡಬೇಕು, ಅಥವಾ ಊರಿನ ಸ್ವಸಹಾಯ ಸಂಘದಲ್ಲಿ ತಾಯಿಯ ಹೆಸರಿನಲ್ಲಿ ಸಾಲ ಎತ್ತಬೇಕು. ಮರಗಸಿಯ ಸೌದೆಯ ಜಾಗಕ್ಕೆ ಗ್ಯಾಸ್ ಸಿಲಿಂಡರು, ಹಳ್ಳದ ನೀರಿನ ಜಾಗಕ್ಕೆ ಟ್ಯಾಂಕರು, ತೋಡಿನ ಕೆಸುವಿನ ಜಾಗಕ್ಕೆ ತೂಕದ ಲೆಕ್ಕದ ತರಕಾರಿ ಬಂದವು. ರೇಷನ್ ಕಾರ್ಡು ಮಾತ್ರ ಊರಲ್ಲೇ ಉಳಿಯಿತು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಡ ಕುಟುಂಬಕ್ಕೆ ಕಿಲೋಗೆ 1 ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಕೊಡತೊಡಗಿದಾಗ, ಊರಿನ ನ್ಯಾಯಬೆಲೆ ಅಂಗಡಿಗೆ ಕಟ್ಟುಬಿದ್ದಿದ್ದ ಆ ಕಾರ್ಡಿನ ಅಕ್ಕಿ ನಗರದ ಬಾಡಿಗೆ ಮನೆಗೆ ಬರಬೇಕಾದರೆ ಹಬ್ಬಕ್ಕೆ ಹೋದವರ ಚೀಲದಲ್ಲೇ ಬರಬೇಕಿತ್ತು. ಅಗ್ಗದ ಅಕ್ಕಿಯಿಂದ ಆಳುಗಳು ಸೋಮಾರಿಗಳಾದರೆಂದು ತೋಟದವರು ಆಗ ಆಡಿಕೊಂಡ ದೂರಿನಲ್ಲಿ ಹುರುಳಿಲ್ಲ. ಅಕ್ಕಿ ತೋಟದ ಬಾಬ್ತಿನಿಂದ ಹೊರಬಿದ್ದದ್ದರಿಂದ ರೈಟರ ಪುಸ್ತಕದ ಹಿಡಿತ ಸಡಿಲವಾಯಿತೆಂಬುದು ಹೆಚ್ಚು ಸರಿಯಾದ ವಿವರಣೆ.

ತೆರವಾದ ಲೈನ್ ಮನೆಗಳಿಗೆ ಈಗ ಅಸ್ಸಾಂ, ಜಾರ್ಖಂಡ್ ಮುಂತಾದ ಕಡೆಯ ಜೋಡಿಗಳು ಬಂದಿದ್ದಾರೆ. ಅವರನ್ನು ಕರೆತರುವ ಮಧ್ಯವರ್ತಿ, ಅವನು ಕೊಡುವ ಮುಂಗಡ, ಕೊಯ್ಲಿನ ನಂತರದ ಮರುಪಯಣ, ಎಲ್ಲವೂ ಹಳೆಯ ಕ್ರಮದಲ್ಲಿಯೇ ಇವೆ. 1951ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡ 2020ರ ಕಾರ್ಮಿಕ ಸಂಹಿತೆಯಲ್ಲಿಯೂ ತೋಟದ ಕೆಲಸಗಾರರಿಗೆ ಮನೆ ಒದಗಿಸುವ ಹೊಣೆ ಮಾಲೀಕನ ಮೇಲೆಯೇ ಉಳಿದಿದೆ. ಆದರೆ ಅದೇ ತೋಟದ ಲೈನಿನಲ್ಲಿ ಹುಟ್ಟಿ ಪೀಣ್ಯದ ಗಾರ್ಮೆಂಟ್ಸ್ ಸೇರಿದ ದಂಪತಿಗಳನ್ನು ಇಷ್ಟು ವರ್ಷ ಆಳಿದ 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಕ್ಯಾಂಟೀನಿನ ಮಾತಿತ್ತು, ಶಿಶುವಿಹಾರದ ಮಾತಿತ್ತು; ಮನೆಯ ಮಾತಿರಲಿಲ್ಲ.